ಕಾರಿನಲ್ಲಿ ಯಾರ ಹಾಡು?



ಒಂದು ಕಾರಿನಲ್ಲಿ ಐದು ಜನ ಕುಳಿತಿದ್ದಾರೆ. ಐವರಲ್ಲಿ ನಾಲ್ವರ ಜೇಬಿನಲ್ಲಿ ಸಾವಿರಾರು ಹಾಡುಗಳಿವೆ. ಕಾರಿನ ಸ್ಟೀರಿಯೊ ಮಾತ್ರ ಒಂದೇ. ಅದರಲ್ಲಿ ಯಾರ ಹಾಡು ಬರಬೇಕು?

ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು. ಆದರೆ ಕಲ್ಯಾಣ ನಗರದಿಂದ ಹೊರ ವರ್ತುಲ ರಸ್ತೆಗೆ ಇಳಿದು ಹೆಬ್ಬಾಳದ ಕಡೆಗೋ ಕೆ.ಆರ್. ಪುರದ ಕಡೆಗೋ ಹೊರಟವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಆ ದಾರಿಯಲ್ಲಿ ಓಡುವ ಹೊತ್ತಿಗಿಂತ ನಿಲ್ಲುವ ಹೊತ್ತೇ ಹೆಚ್ಚು. ಮನೆಯಲ್ಲಿ ತಂದೆ ಒಂದು ಕೋಣೆಯಲ್ಲಿ, ಮಗಳು ಇನ್ನೊಂದು ಕೋಣೆಯಲ್ಲಿ, ತಾಯಿ ಅಡುಗೆಮನೆಯಲ್ಲಿ. ಎಲ್ಲರೂ ಮೊಣಕೈಗೆ ಮೊಣಕೈ ತಾಗುವಂತೆ ಒಟ್ಟಿಗೆ ಕೂರುವುದು ಅನೇಕ ಕುಟುಂಬಗಳಲ್ಲಿ ಕಾರಿನಲ್ಲಿ ಮಾತ್ರ. ಆ ಒಂದು ಗಂಟೆಯಲ್ಲಿ ನಾವು ಏನು ಕೇಳುತ್ತೇವೆ, ಯಾರು ಕೇಳಿಸುತ್ತಾರೆ ಎಂಬುದು ಕುಟುಂಬ ಜೀವನದ ಪ್ರಶ್ನೆಯೇ ಆಗಿದೆ.

ನಮ್ಮ ಈ ಭಾಗದಲ್ಲಿ ಅದಕ್ಕೆ ಇನ್ನೂ ಒಂದು ಮುಖವಿದೆ. ಕಮ್ಮನಹಳ್ಳಿ, ಹೆಣ್ಣೂರು, ಬಾಣಸವಾಡಿಯ ಬೀದಿಗಳಲ್ಲಿ ಕನ್ನಡ, ತಮಿಳು, ಮಲಯಾಳ, ಕೊಂಕಣಿ, ತೆಲುಗು, ಇಂಗ್ಲಿಷ್ ಎಲ್ಲವೂ ಕಿವಿಗೆ ಬೀಳುತ್ತವೆ. ಒಂದೇ ಮನೆಯೊಳಗೂ ಅಜ್ಜಿಯ ಭಾಷೆ ಒಂದು, ಸೊಸೆಯದು ಒಂದು, ಮೊಮ್ಮಕ್ಕಳದು ಮತ್ತೊಂದು. ಅಂಥ ಮನೆಯ ಕಾರಿನಲ್ಲಿ ಹಾಡನ್ನು ಆರಿಸುವವರು ಈ ಹೊತ್ತು ಯಾರ ಭಾಷೆ ಕೇಳಿಬರಬೇಕು ಎಂಬುದನ್ನೂ ಆರಿಸುತ್ತಾರೆ.

ತಂತಿ ಬಂದ ದಾರಿ

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಮುಂದೆ ಕಾರುಗಳಿಗೂ ಕ್ಯಾಸೆಟ್ ಡೆಕ್ ಬಂತು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಗೆ ಹೋಗಿ ಡೆಕ್ಕು, ಸ್ಪೀಕರು ಹಾಕಿಸಿಕೊಂಡು ಬರುವುದು ಆಗ ಒಂದು ಸಂಭ್ರಮ. ಮನೆಮಂದಿಯ ಕ್ಯಾಸೆಟ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿರುತ್ತಿದ್ದವು. ಒಬ್ಬರು ಹಾಕಿದ್ದನ್ನು ಎಲ್ಲರೂ ಕೇಳಬೇಕಿತ್ತು.

1979ರ ಜುಲೈ 1ರಂದು ಜಪಾನಿನ ಸೋನಿ ಕಂಪನಿ ವಾಕ್‌ಮನ್ ಮಾರಾಟಕ್ಕೆ ಬಿಟ್ಟಿತು. ಸಂಗೀತ ಜೇಬಿಗೆ ಬಂತು, ಕಿವಿಯೊಳಗೆ ಸೇರಿತು. 2001ರಲ್ಲಿ ಐಪಾಡ್ ಬಂದಾಗ ಸಾವಿರ ಹಾಡುಗಳು ಅಂಗೈಯಲ್ಲಿ ಕುಳಿತವು. ಆದರೆ ಕಾರಿನಲ್ಲಿ ಇನ್ನೂ ಹಳೆಯ ಡೆಕ್ಕೇ ಇತ್ತು. ಜೇಬಿನ ಹಾಡನ್ನು ಕಾರಿಗೆ ದಾಟಿಸುವುದು ಹೇಗೆ?

ಜನ ಉಪಾಯ ಕಂಡುಕೊಂಡರು. ಕ್ಯಾಸೆಟ್ಟಿನ ಆಕಾರದ ಒಂದು ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಬಾಲದಂಥ ತಂತಿ. ತಂತಿಯ ಪಿನ್ನನ್ನು ಪ್ಲೇಯರಿನ ಹೆಡ್‌ಫೋನ್ ರಂಧ್ರಕ್ಕೆ ಚುಚ್ಚಿ ಡಬ್ಬಿಯನ್ನು ಡೆಕ್ಕಿನೊಳಗೆ ತಳ್ಳಿದರೆ, ಅದರಲ್ಲಿದ್ದ ಪುಟ್ಟ ಕಾಂತೀಯ ಹೆಡ್ಡು ಡೆಕ್ಕಿನ ಹೆಡ್ಡಿಗೆ ಎದುರಾಗಿ ನಿಂತು, ನಿಜವಾದ ಟೇಪೇ ಓಡುತ್ತಿದೆ ಎಂದು ಅದನ್ನು ನಂಬಿಸುತ್ತಿತ್ತು. ಇನ್ನೊಂದು ಉಪಾಯ ಎಫ್.ಎಂ. ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರಿನ ಜಾಗಕ್ಕೆ ಅದನ್ನು ಸಿಕ್ಕಿಸಿ, 87.5ರಿಂದ 108 ಮೆಗಾಹರ್ಟ್ಸ್ ನಡುವೆ ಒಂದು ಖಾಲಿ ಜಾಗ ಹುಡುಕಬೇಕಿತ್ತು. 2001ರ ಜುಲೈನಲ್ಲಿ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಆರಂಭವಾಯಿತು, ಕೆಲವೇ ವರ್ಷಗಳಲ್ಲಿ ಇನ್ನೂ ಹಲವು ಕೇಂದ್ರಗಳು ಬಂದವು, ಖಾಲಿ ಜಾಗ ಸಿಗುವುದೇ ಕಷ್ಟವಾಯಿತು. ಸಿಗ್ನಲ್ಲಿನಲ್ಲಿ ನಿಂತಾಗ ನಮ್ಮ ಹಾಡು ಪಕ್ಕದ ಕಾರಿನ ರೇಡಿಯೊದಲ್ಲಿ ಕೇಳಿಸಿದರೂ ಆಶ್ಚರ್ಯವಿರಲಿಲ್ಲ. ಆಮೇಲೆ ನೇರವಾಗಿ ತಂತಿ ಚುಚ್ಚುವ ರಂಧ್ರ ಬಂತು. ಈಗ ತಂತಿಯೂ ಬೇಡ, ಬ್ಲೂಟೂತ್ ಸಾಕು.

ಒಂಟಿಯಾಗಿ ಕೇಳುವ ಯಂತ್ರವನ್ನು ಕೊಂಡ ಮನುಷ್ಯ ಅದನ್ನು ಮತ್ತೆ ಎಲ್ಲರಿಗೂ ಕೇಳಿಸಲು ಯಾಕೆ ಇಷ್ಟು ಪಾಡುಪಟ್ಟ? ನನಗೆ ತೋರುವುದು ಇಷ್ಟು: ನಮಗೆ ಹಿಡಿಸಿದ್ದನ್ನು ಇನ್ನೊಬ್ಬರಿಗೂ ಕೇಳಿಸಬೇಕು ಎಂಬ ಆಸೆ ಮನುಷ್ಯನಲ್ಲಿ ಬಹಳ ಆಳವಾಗಿದೆ. ಆಸೆ ಒಳ್ಳೆಯದೇ. ಅದನ್ನು ನಡೆಸುವ ರೀತಿಯಲ್ಲಿ ಸರಿತಪ್ಪು ಹುಟ್ಟುತ್ತದೆ.

ಎರಡನೆಯ ರಂಧ್ರದ ಕಥೆ

ವಾಕ್‌ಮನ್ನಿನ ಮೊದಲ ಮಾದರಿಯಲ್ಲಿ ಹೆಡ್‌ಫೋನಿಗೆ ಒಂದಲ್ಲ, ಎರಡು ರಂಧ್ರಗಳಿದ್ದವು ಎಂಬುದು ಎಷ್ಟು ಜನರಿಗೆ ಗೊತ್ತು? ಸೋನಿ ಕಂಪನಿಯ ಅಕಿಯೊ ಮೊರಿಟಾ ತಮ್ಮ ಆತ್ಮಕಥನದಲ್ಲಿ ಇದರ ಕಾರಣ ಹೇಳಿದ್ದಾರೆ. ಪ್ರಯೋಗಕ್ಕೆಂದು ಮಾಡಿದ ಯಂತ್ರವನ್ನು ಅವರು ಮನೆಗೆ ತಂದು ಕೇಳುತ್ತಿದ್ದಾಗ, ತಮ್ಮನ್ನು ಹೊರಗಿಟ್ಟಂತಾಯಿತೆಂದು ಪತ್ನಿಗೆ ಬೇಸರವಾಯಿತಂತೆ. ಒಬ್ಬರೇ ಕೇಳುತ್ತಾ ಕೂರುವುದು ಸಭ್ಯತೆಯಲ್ಲ ಎಂದು ಅವರಿಗೂ ಅನಿಸಿತು. ಆದ್ದರಿಂದ ಇಬ್ಬರಿಗೆ ಎರಡು ರಂಧ್ರ. ಜೊತೆಗೆ ಒಂದು ಗುಂಡಿ. ಅದನ್ನು ಒತ್ತಿದರೆ ಹಾಡು ತಗ್ಗಿ, ಒಬ್ಬರ ಮಾತು ಮತ್ತೊಬ್ಬರಿಗೆ ಕೇಳಿಸುತ್ತಿತ್ತು.

ಆದರೆ ಕೊಂಡವರಿಗೆ ಅದು ಬೇಕಾಗಲಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಯಂತ್ರ ಬೇಕಾಗಿತ್ತು. ಮುಂದೆ ಆ ಗುಂಡಿಯೂ ಹೋಯಿತು, ಎರಡನೆಯ ರಂಧ್ರವೂ ಹೋಯಿತು. ತಯಾರಿಸಿದವನ ಮನಸ್ಸಿಗೆ ಚುಚ್ಚಿದ ಸಂಗತಿ ಬಳಸಿದವರ ಮನಸ್ಸಿಗೆ ಚುಚ್ಚಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಯಂತ್ರದಲ್ಲಿ ಎಂಥ ಅನುಕೂಲವಿದ್ದರೂ, ಪಕ್ಕದವರ ನೆನಪು ನಮಗಿಲ್ಲದಿದ್ದರೆ ಅದು ಉಪಯೋಗಕ್ಕೆ ಬಾರದು.

ಬಡಿಸುವವರ ಧರ್ಮ

ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಬೇಡದ ಪುಸ್ತಕವನ್ನು ಮುಚ್ಚಿಡಬಹುದು, ಬೇಡದ ಚಿತ್ರದಿಂದ ಮುಖ ತಿರುಗಿಸಬಹುದು. ಗಾಜು ಏರಿಸಿದ ಕಾರಿನಲ್ಲಿ ಬೇಡದ ಹಾಡಿನಿಂದ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಆದ್ದರಿಂದ ತನ್ನ ಪ್ಲೇಯರನ್ನು ಸ್ಟೀರಿಯೊಗೆ ಜೋಡಿಸಿದವರಿಗೆ ಉಳಿದವರ ಮೇಲೆ ಒಂದು ಅಧಿಕಾರ ಬರುತ್ತದೆ. ಅದು ಚಿಕ್ಕ ಅಧಿಕಾರ. ಚಿಕ್ಕದಾದ್ದರಿಂದಲೇ ನಾವು ಅದನ್ನು ಯೋಚಿಸದೆ ಚಲಾಯಿಸುತ್ತೇವೆ.

ನಮ್ಮ ಮನೆಗಳ ಊಟದ ಪಂಕ್ತಿಯನ್ನು ನೆನೆದುಕೊಳ್ಳಿ. ಬಡಿಸುವವರು ತಮಗೆ ಇಷ್ಟವೆಂದು ಎಲ್ಲರ ಎಲೆಗೂ ಅದನ್ನೇ ಸುರಿಯುವುದಿಲ್ಲ. "ಸ್ವಲ್ಪ ಹಾಕಲೇ? ಸಾಕೇ?" ಎಂದು ಕೇಳುತ್ತಾರೆ. ಮಕ್ಕಳಿಗೆ ಖಾರ ಕಡಿಮೆ, ಮುದುಕರಿಗೆ ಮೆತ್ತಗಿನ ಅನ್ನ. ತಾವು ಉಣ್ಣುವುದು ಕೊನೆಗೆ. ಕಾರಿನಲ್ಲಿ ಹಾಡು ಹಾಕುವವರ ಸ್ಥಾನವೂ ಇಂಥದೇ. ಹಾಡು ನನ್ನದಿರಬಹುದು, ಕಾರೂ ನನ್ನದಿರಬಹುದು. ಕೇಳುವ ಕಿವಿ ನನ್ನದಲ್ಲ.

ಇಂದಿನ ಕಾರುಗಳು ಒಮ್ಮೆ ಜೋಡಿಸಿದ ಫೋನನ್ನು ನೆನಪಿಟ್ಟುಕೊಳ್ಳುತ್ತವೆ. ಕೀಲಿ ತಿರುಗಿಸಿದೊಡನೆ ತಂದೆಯ ಫೋನು ತಾನಾಗಿಯೇ ಕೂಡಿಕೊಂಡು, ನಿನ್ನೆ ನಿಂತ ಹಾಡು ಇಂದು ಮುಂದುವರಿಯುತ್ತದೆ. ಯಾರೂ ಯಾರನ್ನೂ ಕೇಳಲಿಲ್ಲ, ಯಾರೂ ಹಟ ಮಾಡಲಿಲ್ಲ. ಆದರೂ ತಾಯಿಯ ಸರದಿ ಬರಲೇ ಇಲ್ಲ. ಜಗಳವಿಲ್ಲದೆ ನಡೆಯುವ ಅನ್ಯಾಯ ಹೀಗೇ ಇರುತ್ತದೆ.

"ನಾವು ಹಾಕುವುದು ಭಕ್ತಿಗೀತೆ, ಅದರಲ್ಲೇನು ತಪ್ಪು?" ಎಂದು ಕೆಲವು ಹಿರಿಯರು ಕೇಳಬಹುದು. ಹಾಡಿನಲ್ಲಿ ತಪ್ಪಿಲ್ಲ. ಆದರೆ ಮಗನ ಹಾಡನ್ನು ಬಾಯಿ ಮುಚ್ಚಿಸಲು ಭಕ್ತಿಗೀತೆಯನ್ನು ಬಳಸಿದರೆ, ಅವನು ಅದರಿಂದ ಕಲಿಯುವುದು ಭಕ್ತಿಯನ್ನಲ್ಲ. ಮುಂದೆ ಆ ಗೀತೆ ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ತಾನು ಸೋತದ್ದು ನೆನಪಾದರೆ ಆ ನಷ್ಟ ಯಾರದು?

ಹೆಡ್‌ಫೋನಿನ ಶಾಂತಿ

ಹಾಗಾದರೆ ಪ್ರತಿಯೊಬ್ಬರೂ ತಮ್ಮ ಇಯರ್‌ಫೋನ್ ಹಾಕಿಕೊಂಡರೆ ತಗಾದೆಯೇ ಇರುವುದಿಲ್ಲವಲ್ಲ? ಈ ಮಾತಿನಲ್ಲಿ ನ್ಯಾಯವಿದೆ. ಮನೆಯಲ್ಲಿ ಎಂದೂ ಸರದಿ ಸಿಗದ ಹುಡುಗಿಗೆ ಅದೊಂದೇ ಬಿಡುಗಡೆ. ತಲೆನೋವಿದ್ದವರಿಗೆ, ಪರೀಕ್ಷೆಗೆ ಓದುವವರಿಗೆ ಅದು ಉಪಕಾರ. ಚಾಲಕನಿಗೆ ಮಾತ್ರ ಸಲ್ಲದು. ಆಂಬುಲೆನ್ಸಿನ ಸದ್ದು ಅವನಿಗೆ ಕೇಳಲೇಬೇಕು.

ಆದರೆ ನಾಲ್ವರು ನಾಲ್ಕು ಹಾಡು ಕೇಳುತ್ತಾ ಕುಳಿತ ಕಾರಿನಲ್ಲಿ ಇರುವ ಶಾಂತಿ ಎಂಥದು? ಅಲ್ಲಿ ಯಾರೂ ಯಾರಿಗಾಗಿಯೂ ಏನನ್ನೂ ಬಿಟ್ಟುಕೊಟ್ಟಿಲ್ಲ. ಮಗಳ ಹಾಡು ಅರ್ಥವಾಗದಿದ್ದರೂ ಐದು ನಿಮಿಷ ಕೇಳಿ, "ಈ ಹಾಡಿನಲ್ಲಿ ನಿನಗೆ ಯಾವುದು ಹಿಡಿಸಿತು?" ಎಂದು ಕೇಳುವ ತಂದೆ ಅವಳ ಮನಸ್ಸಿನ ಒಂದು ಬಾಗಿಲನ್ನು ತಟ್ಟಿದಂತೆ. ಬೇರೆ ರೀತಿಯಲ್ಲಿ ಆ ಬಾಗಿಲು ತೆರೆಯುವುದು ಕಷ್ಟ. ಇಷ್ಟವಿಲ್ಲದ ಹಾಡನ್ನು ಇಷ್ಟಪಡುವವರ ಸಲುವಾಗಿ ಕೇಳುವುದೂ ಪ್ರೀತಿಯ ಒಂದು ಬಗೆ. ಅದಕ್ಕೆ ಖರ್ಚಿಲ್ಲ, ಆದರೆ ಸುಲಭವೂ ಅಲ್ಲ.

ಮುಂದಿನ ಸೀಟಿನವರನ್ನು ಮರೆಯದಿರೋಣ

ಬಾಡಿಗೆ ಕಾರಿನ ಚಾಲಕರ ವಿಷಯ ಇನ್ನೂ ಸೂಕ್ಷ್ಮ. ಹತ್ತು ಹನ್ನೆರಡು ಗಂಟೆ ಅದೇ ಸೀಟಿನಲ್ಲಿ ಕುಳಿತಿರುವ ಮನುಷ್ಯ ಹತ್ತಿದವರ ಹಾಡನ್ನೆಲ್ಲ ಕೇಳಬೇಕು. ಒಳ್ಳೆಯ ಅಂಕ ಬೇಕಾದ್ದರಿಂದ ಬೇಡವೆನ್ನಲಾರ. ನಾವು ಹಣ ಕೊಟ್ಟದ್ದು ಪ್ರಯಾಣಕ್ಕೆ, ಅವನ ಕಿವಿಗಲ್ಲ. "ಅಣ್ಣಾ, ಒಂದು ಹಾಡು ಹಾಕಬಹುದಾ?" ಎಂದು ಕೇಳಿದರೆ ನಮ್ಮ ಗೌರವ ಕಡಿಮೆಯಾಗುವುದಿಲ್ಲ. ಬೇಡವೆನ್ನಲಾರದವರನ್ನು ಕೇಳುವಾಗಲೇ ನಮ್ಮ ಸೌಜನ್ಯದ ಪರೀಕ್ಷೆ.

ಇನ್ನೊಂದು ಸಂಗತಿ. ಫೋನು ಸ್ಟೀರಿಯೊಗೆ ಜೋಡಿಸಿರುವಾಗ ಕರೆ ಬಂದರೆ, ಆ ಮಾತೂ ಸ್ಪೀಕರಿನಲ್ಲೇ ಮೊಳಗುತ್ತದೆ. ಆಚೆಯಿಂದ ಸ್ನೇಹಿತ ತನ್ನ ಸಾಲದ ವಿಷಯ ಹೇಳಿಕೊಳ್ಳುತ್ತಿರಬಹುದು, ತಂಗಿ ತನ್ನ ಮನೆಯ ಕಷ್ಟ ಹೇಳಿ ಅಳುತ್ತಿರಬಹುದು. ಕಾರಿನಲ್ಲಿ ನಾಲ್ವರು ಕೇಳುತ್ತಿದ್ದಾರೆಂದು ಅವರಿಗೆ ತಿಳಿಯದು. ಕರೆ ಎತ್ತಿದೊಡನೆ "ಕಾರಿನಲ್ಲಿದ್ದೇವೆ, ಎಲ್ಲರಿಗೂ ಕೇಳಿಸುತ್ತಿದೆ" ಎಂದು ಹೇಳುವುದು ಬರೀ ಶಿಷ್ಟಾಚಾರವಲ್ಲ. ನಂಬಿದವರ ಮಾನ ಕಾಯುವ ಕೆಲಸ.

ಹೀಗೆ ಮಾಡಿ ನೋಡಿ

ವಾಚಕರೇ, ಈ ವಾರ ಕಾರು ಹತ್ತಿದಾಗ ಸರದಿಯೊಂದನ್ನು ಗೊತ್ತುಮಾಡಿಕೊಳ್ಳಿ. ಹೋಗುವಾಗ ಒಬ್ಬರ ಹಾಡು, ಬರುವಾಗ ಇನ್ನೊಬ್ಬರದು. ಸ್ವಂತ ಫೋನಿಲ್ಲದ ಅಜ್ಜಿಗೂ, ಪುಟ್ಟ ಮಗುವಿಗೂ ಸರದಿಯಿರಲಿ. ಅವರು ಹೇಳಿದ ಹಾಡನ್ನು ಹುಡುಕಿ ಹಾಕುವ ಕೆಲಸ ಮೊಮ್ಮಗನಿಗಿರಲಿ. ಒಬ್ಬರ ಸರದಿಯಲ್ಲಿ ಉಳಿದವರು ಹಾಸ್ಯ ಮಾಡಬಾರದು, ನಡುವೆ ಬದಲಿಸಬಾರದು. ತನ್ನ ಸರದಿ ಬಂದಾಗ "ಏನೂ ಬೇಡ, ಸುಮ್ಮನಿರೋಣ" ಎನ್ನುವ ಹಕ್ಕೂ ಎಲ್ಲರಿಗಿರಲಿ. ಮೌನವನ್ನು ಕೇಳಿ ಪಡೆದವರು ಬಹಳ ಸಲ ಮಾತನಾಡಲು ಬಯಸುವವರೇ ಆಗಿರುತ್ತಾರೆ.

ಮಕ್ಕಳು ಬೆಳೆದು ತಮ್ಮ ಕಾರು ಕೊಂಡು ದೂರ ಹೋಗುವ ದಿನ ಬರುತ್ತದೆ. ಅಂದು ಅವರ ಕಾರಿನಲ್ಲಿ, ಅವರಿಗೆ ಅಷ್ಟೇನೂ ಹಿಡಿಸದ ತಂದೆಯ ಒಂದು ಹಳೆಯ ಹಾಡು ಯಾರೂ ಹೇಳದೆಯೇ ಬಂದರೆ, ಕಾರಿನಲ್ಲಿ ಒಟ್ಟಿಗೆ ಕಳೆದ ಆ ಗಂಟೆ ವ್ಯರ್ಥವಾಗಲಿಲ್ಲವೆಂದು ತಿಳಿಯೋಣ.