ಅರಿವೆಯ ಅರಿವು

ಛತ್ರಪತಿ ಸಂಭಾಜಿನಗರದಿಂದ ಅಜಂತೆಯ ಗುಹೆಗಳನ್ನು ಕಾಣಲು ಹೊರಟ ಯಾತ್ರಿಕರು ಸುಮಾರು 65 ಕಿಲೋಮೀಟರು ಸಾಗಿದ ಮೇಲೆ ಚಹಕ್ಕೆಂದು ಇಳಿದು, ಊರಿನ ಹೆಸರನ್ನೂ ವಿಚಾರಿಸದೆ ಮುಂದಕ್ಕೆ ನಡೆದುಬಿಡುವ ಸಿಲ್ಲೋಡಿನಲ್ಲಿ, ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಗಳ ಧಾರಣೆಯೇ ದಿನದ ಮಾತಾಗಿರುವ ಆ ತಾಲ್ಲೂಕು ಪಟ್ಟಣದಲ್ಲಿ, ಫ್ಯಾಷನ್ ಪತ್ರಿಕೆಯೊಂದರ ಸಂಪಾದಕವರ್ಗವನ್ನು ಸೇರಬೇಕೆಂಬ ಹಂಬಲವುಳ್ಳ ತರುಣರು ಇರಲಾರರೆಂದು ಯಾರಾದರೂ ಊಹಿಸಿದರೆ ಅದು ಅವಿವೇಕವೇ ಸರಿ. ಹಂಬಲ ಎಲ್ಲೆಡೆಯೂ ಉಂಟು. ಆದರೆ 1959ರ ‘ಫೆಮಿನಾ’ ಮೊದಲ್ಗೊಂಡು 1996ರ ‘ಎಲ್’, 2007ರ ‘ವೋಗ್’ವರೆಗೆ ಈ ಬಗೆಯ ಪತ್ರಿಕೆಗಳಲ್ಲಿ ಹೆಚ್ಚಿನವು ಮುಂಬಯಿಯಲ್ಲಿಯೇ ನೆಲೆನಿಂತಿರುವುದರಿಂದ, ಆ ನಗರದಲ್ಲಿ ಹುಟ್ಟದವನಿಗೆ, ಅಲ್ಲಿಯ ಮಾತಿನ ವರಸೆಯೂ ಪರಿಚಯದ ಬಲವೂ ಇಲ್ಲದವನಿಗೆ, ಈ ಬಾಗಿಲು ತೆರೆಯದೆಂಬ ನಂಬಿಕೆ ಹಂಬಲದ ಜೊತೆಯಲ್ಲಿಯೇ ಬೆಳೆಯುತ್ತದೆ. ಪರಿಚಯದ ಬಲ ಇದೆಯೆಂಬುದು ಸುಳ್ಳಲ್ಲ; ಅದು ಅನ್ಯಾಯವೂ ಅಹುದು. ಆದರೆ ಪರಿಚಯವು ಒಳಗೆ ಬಿಟ್ಟವರನ್ನು ಅಲ್ಲಿ ಉಳಿಸುವುದು ಬೇರೆಯೇ ಒಂದು ಗುಣ, ಮತ್ತು ಆ ಗುಣವನ್ನು ಸಿಲ್ಲೋಡಿನಲ್ಲಿದ್ದುಕೊಂಡೇ ಅಭ್ಯಾಸಮಾಡಬಹುದು.

ಸಂಪಾದಕರಿಗೆ ಬರುವ ಉದ್ಯೋಗಾಪೇಕ್ಷೆಯ ಪತ್ರಗಳಲ್ಲಿ ತೀರ ಸಾಮಾನ್ಯವಾದ ವಾಕ್ಯವೆಂದರೆ, ಬಾಲ್ಯದಿಂದಲೂ ಉಡುಗೆತೊಡುಗೆಗಳಲ್ಲಿ ತನಗೆ ಅಪಾರವಾದ ಆಸಕ್ತಿ ಎಂಬುದು. ಈ ಆಸಕ್ತಿಯನ್ನು ಯಾರೂ ಸಂದೇಹಿಸುವುದಿಲ್ಲ. ಅದಕ್ಕಾಗಿ ಯಾರೂ ಸಂಬಳವನ್ನೂ ಕೊಡುವುದಿಲ್ಲ. ವಸ್ತ್ರವನ್ನು ಮೆಚ್ಚುವವರು ಲೋಕದಲ್ಲಿ ಅಸಂಖ್ಯಾತರು, ವಸ್ತ್ರವನ್ನು ಬಲ್ಲವರು ವಿರಳ.

ಬಲ್ಲವರಾಗುವುದಕ್ಕೆ ಸಿಲ್ಲೋಡಿನ ತರುಣನಿಗಿರುವ ಅನುಕೂಲ ಮುಂಬಯಿಯ ತರುಣನಿಗಿಲ್ಲ. ದಕ್ಷಿಣಕ್ಕೆ ಗೋದಾವರೀ ತೀರದಲ್ಲಿ, ಪೈಠಣಿ ಸೀರೆಗೆ ಹೆಸರು ಕೊಟ್ಟ ಪೈಠಣವಿದೆ. ಪಶ್ಚಿಮಕ್ಕೆ ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಅದೇ ಸೀರೆ ಇಂದಿಗೂ ಮನೆಮನೆಯ ಮಗ್ಗವನ್ನು ಏರುತ್ತದೆ. ಜಿಲ್ಲಾಕೇಂದ್ರದಲ್ಲಿ, ಮಹಮ್ಮದ್ ಬಿನ್ ತುಘಲಕನು ದೇವಗಿರಿಗೆ ರಾಜಧಾನಿಯನ್ನು ಸಾಗಿಸಿದ ಕಾಲದಲ್ಲಿ ಬಂದಿತೆಂದು ಪರಂಪರೆ ಹೇಳುವ ಹಿಮ್ರೂ ನೇಯ್ಗೆಯ ಕಾರ್ಖಾನೆಗಳು ಕೆಲವಾದರೂ ಉಳಿದಿವೆ. ಇವನ್ನು ಪ್ರವಾಸಿಯಂತೆ ನೋಡಿ ಬರುವುದರಿಂದ ಏನೂ ಆಗದು. ನೇಕಾರನ ಪಕ್ಕದಲ್ಲಿ ಕುಳಿತು, ಅಪ್ಪಣೆ ಪಡೆದು, ಸೆರಗನ್ನು ಹಿಂದುಮುಂದಾಗಿ ತಿರುಗಿಸಿ ನೋಡಬೇಕು. ಕೈಮಗ್ಗದ ಪೈಠಣಿಯ ಸೆರಗಿನಲ್ಲಿ ನವಿಲಾಗಲಿ ಗಿಳಿಯಾಗಲಿ ಎರಡು ಮಗ್ಗುಲಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿ ಮೂಡಿರುತ್ತದೆ. ಯಂತ್ರದ ಮಗ್ಗದ ಅನುಕರಣೆಯನ್ನು ಮಗುಚಿದರೆ ಹಿಂಬದಿಯಲ್ಲಿ ಎಳೆಗಳು ಸಡಿಲವಾಗಿ ಜೋಲುತ್ತಿರುತ್ತವೆ. ಈ ಒಂದು ಸೂತ್ರವನ್ನು ಕಲಿತು ಜಂಬಪಡುವವನು ಹಿಮ್ರೂವಿನ ಮುಂದೆ ಮುಗ್ಗರಿಸುತ್ತಾನೆ: ಹತ್ತಿಯ ಹಾಸಿನ ಮೇಲೆ ರೇಷ್ಮೆಯ ಹೆಚ್ಚುವರಿ ಹೊಕ್ಕನ್ನು ಹಾಯಿಸಿ ಚಿತ್ರ ಬಿಡಿಸುವ ಆ ಬಟ್ಟೆಯಲ್ಲಿ ಹಿಂಬದಿಯ ಸಡಿಲ ಎಳೆಗಳು ದೋಷವಲ್ಲ, ಅದರ ಮೃದುತ್ವಕ್ಕೆ ಅವೇ ಕಾರಣ. ಒಂದು ಬಟ್ಟೆಯಲ್ಲಿ ಕೃತ್ರಿಮತೆಯ ಕುರುಹಾದದ್ದು ಇನ್ನೊಂದರಲ್ಲಿ ಸಹಜಲಕ್ಷಣವಾಗಬಲ್ಲುದೆಂಬುದನ್ನು ಬೆರಳಿನಿಂದ ಮುಟ್ಟಿ ತಿಳಿದವನು ಬರೆದ ಎರಡು ಸಾಲಿಗೆ, ವರ್ಣನಾತ್ಮಕ ವಿಶೇಷಣಗಳನ್ನು ಸುರಿದು ಬರೆದ ಎರಡು ಪುಟಗಳು ಸಾಟಿಯಾಗಲಾರವು.

ಇನ್ನು ಅಜಂತೆ. ಪತ್ರಿಕೆಯ ಭಾಷೆಯಲ್ಲಿ ‘ಕ್ಯಾಪ್ಷನ್’ ಎನ್ನಿಸಿಕೊಳ್ಳುವ ಚಿತ್ರದಡಿಯ ಆ ಚಿಕ್ಕ ಬರಹವು ಎಷ್ಟು ಎಚ್ಚರದ ಕೆಲಸವೆಂಬುದಕ್ಕೆ ಒಂದನೆಯ ಗುಹೆಯಷ್ಟು ಉತ್ತಮವಾದ ಪಾಠಶಾಲೆಯನ್ನು ನಾನು ಕಾಣೆ. ಅಲ್ಲಿಯ ಭಿತ್ತಿಯೊಂದರಲ್ಲಿ ರಾಜನೊಬ್ಬನ ಆಸ್ಥಾನಕ್ಕೆ ಮೊನಚು ಟೊಪ್ಪಿಗೆಯ, ಉದ್ದ ತೋಳಿನ ಅಂಗಿಯ ಪರದೇಶೀಯರು ಕಾಣಿಕೆಗಳೊಡನೆ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ವೇಷವನ್ನು ಪಾರಸಿಕರದೆಂದು ಗುರುತಿಸಿ, ಇದು ನಮ್ಮ ಇಮ್ಮಡಿ ಪುಲಕೇಶಿಯು ಪರ್ಷಿಯಾದ ಖುಸ್ರುವಿನ ರಾಯಭಾರಿಗಳನ್ನು ಬರಮಾಡಿಕೊಂಡ ದೃಶ್ಯವೆಂದು ನಿರ್ಣಯಿಸಿದನು. ಕನ್ನಡಿಗರಾದ ನಾವು ಅದನ್ನು ಅಭಿಮಾನದಿಂದ ಪಠ್ಯಪುಸ್ತಕಗಳಲ್ಲಿ ಓದಿಯೂ ಓದಿದೆವು. ವೇಷವನ್ನು ಓದಿದ ಕಣ್ಣು ಚುರುಕಾದುದೇ. ಆದರೆ ಆ ಚಿತ್ರಗಳು ವಾಕಾಟಕ ಹರಿಷೇಣನ ಕಾಲದವು, ಎಂದರೆ ಐದನೆಯ ಶತಮಾನದವು, ಪುಲಕೇಶಿಯಾದರೋ ಏಳನೆಯ ಶತಮಾನದವನು, ಆದ್ದರಿಂದ ಆ ರಾಜನು ಅವನಾಗಿರಲಾರನೆಂಬುದು ಈಚಿನ ಅನೇಕ ವಿದ್ವಾಂಸರ ಮತ. ಟೊಪ್ಪಿಗೆಯನ್ನು ಸರಿಯಾಗಿ ಕಂಡು ಕಾಲವನ್ನು ತಪ್ಪಾಗಿ ಹೇಳಿದ ಆ ಅಡಿಬರಹ ಎಷ್ಟು ತಲೆಮಾರುಗಳ ತನಕ ಮುದ್ರಣದಿಂದ ಮುದ್ರಣಕ್ಕೆ ಹರಿದುಬಂತು! ಜಿ. ಎಸ್. ಘುರ್ಯೆಯವರ ‘ಇಂಡಿಯನ್ ಕಾಸ್ಟ್ಯೂಮ್’ (1951) ಗ್ರಂಥಾಲಯದಲ್ಲಿ ದೊರೆತರೆ ಅದನ್ನು ಕೈಯಲ್ಲಿ ಹಿಡಿದು ಗುಹೆಗೆ ಹೋಗಿ, ಪಟ್ಟೆಪಟ್ಟೆಯ ಅಂತರೀಯಗಳನ್ನೂ ಕುಪ್ಪಸದ ತೋಳುಗಳನ್ನೂ ನೋಡಿ, ಕಂಡದ್ದನ್ನು ಒಂದು ಕಡೆಗೂ ಊಹಿಸಿದ್ದನ್ನು ಇನ್ನೊಂದು ಕಡೆಗೂ ಬರೆದಿಡುವ ಅಭ್ಯಾಸವು ಯಾವ ಶುಲ್ಕವನ್ನೂ ಬೇಡದು.

ಪತ್ರಿಕೆಯ ಒಳಗಿನ ಕೆಲಸದ ಸ್ವರೂಪ ತಿಳಿಯದೆ ಹೋದವರಿಗೆ ಮೊದಲ ವರ್ಷವೇ ನಿರಾಶೆಯಾಗುತ್ತದೆ. ಹೊಸದಾಗಿ ಸೇರಿದ ಸಹಾಯಕನು ಛಾಯಾಚಿತ್ರಣಕ್ಕೆ ವಿನ್ಯಾಸಕಾರರಿಂದ ಎರವಲು ತಂದ ಉಡುಪುಗಳನ್ನು ಎಣಿಸಬೇಕು, ಪಟ್ಟಿಮಾಡಬೇಕು, ಇಸ್ತ್ರಿ ಹಾಕಬೇಕು, ಕಲೆ ಬೀಳದಂತೆ ಕಾಯಬೇಕು, ಚಲನ್ ಸಹಿತ ಹೇಳಿದ ದಿನ ಹಿಂದಿರುಗಿಸಬೇಕು; ತಯಾರಕರ ಹೆಸರು, ಬೆಲೆ, ಬಟ್ಟೆಯ ಜಾತಿ ಇವುಗಳನ್ನು ಮೂರು ಸಲ ತಾಳೆನೋಡಬೇಕು. ಕಳೆದುಹೋದ ಒಂದು ಕಿವಿಯೋಲೆಯು ಅಂದವಾದ ಹತ್ತು ಲೇಖನಗಳ ಕೀರ್ತಿಯನ್ನು ನುಂಗಿಬಿಡುತ್ತದೆ. ಮಾಸಪತ್ರಿಕೆಯ ಕಾಲಗಣನೆಯೂ ಬೇರೆ. ‘ಮನೋರಂಜನ’ ಮಾಸಿಕವು 1909ರಲ್ಲಿ ತೊಡಗಿದ ದೀಪಾವಳಿ ವಿಶೇಷಾಂಕದ ಪದ್ಧತಿ ಮರಾಠಿಗರ ಮನೆಗಳಲ್ಲಿ ಇಂದಿಗೂ ಹಬ್ಬದ ತಿಂಡಿಯಷ್ಟೇ ಅನಿವಾರ್ಯವಾಗಿರುವುದನ್ನು ಬಲ್ಲ ಸಿಲ್ಲೋಡಿನ ಓದುಗನಿಗೆ, ಆ ಅಂಕದ ಸಿದ್ಧತೆ ಮಳೆಗಾಲದಲ್ಲಿಯೇ ಮುಗಿಯುತ್ತ ಬಂದಿರುತ್ತದೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಸೌಂದರ್ಯಕಿರೀಟದಿಂದಲೇ ಈ ಕ್ಷೇತ್ರಕ್ಕೆ ಪ್ರವೇಶವೆಂದು ಭಾವಿಸುವವರು ಮೆಹರ್ ಕ್ಯಾಸ್ಟೆಲಿನೊ ಅವರನ್ನು ನೆನೆಯಬಹುದು. 1964ರಲ್ಲಿ ಮೊದಲನೆಯ ಫೆಮಿನಾ ಮಿಸ್ ಇಂಡಿಯಾ ಆದ ಅವರು ‘ಈವ್ಸ್ ವೀಕ್ಲಿ’ಯಲ್ಲಿ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದ್ದು 1973ರಲ್ಲಿ, ಇಂದು ಅವರನ್ನು ಫ್ಯಾಷನ್ ಪತ್ರಕರ್ತೆಯೆಂದು ಗೌರವಿಸುವುದು ಆ ಕಿರೀಟಕ್ಕಾಗಿ ಅಲ್ಲ, ಅಲ್ಲಿಂದಾಚೆಗೆ ದಶಕಗಳ ಕಾಲ ಬಿಡದೆ ಬರೆದದ್ದಕ್ಕಾಗಿ. ಮುಂಬಯಿಯೇ ಸರ್ವಸ್ವವೆನ್ನುವವರಿಗೆ ಕಿರ್ಲೋಸ್ಕರವಾಡಿಯನ್ನು ತೋರಿಸಬೇಕು: ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಕುಟುಂಬವೊಂದು ನೇಗಿಲು ಕಾರ್ಖಾನೆ ಹೂಡಿದ ಆ ಬಯಲಿನಿಂದಲೇ 1920ರಲ್ಲಿ ಒಂದು ಮಾಸಿಕವೂ 1930ರಲ್ಲಿ ಮಹಿಳೆಯರ ಮನಸ್ಸನ್ನು ರೂಪಿಸಿದ ‘ಸ್ತ್ರೀ’ಯೂ ಹೊರಟವು.

ಉಡುಗೊರೆಯ ವಿಷಯವನ್ನು ಹೇಳದೆ ಬಿಡಲಾಗದು. ಈ ವೃತ್ತಿಯಲ್ಲಿ ಚೀಲ, ಸುಗಂಧ, ಪ್ರವಾಸ ಎಲ್ಲವೂ ನಗುನಗುತ್ತ ಬಂದು ಮೇಜಿನ ಮೇಲೆ ಕೂರುತ್ತವೆ, ಮತ್ತು ಕೊಟ್ಟವರು ಪ್ರತಿಯಾಗಿ ಏನನ್ನೂ ಕೇಳುವುದಿಲ್ಲವೆಂಬುದೇ ಅವುಗಳ ಅಪಾಯ. ಹಣ ಪಡೆದು ಬರೆದದ್ದನ್ನು ಹಾಗೆಂದು ತಿಳಿಸಬೇಕೆಂಬ ನಿಯಮವನ್ನು ಜಾಹೀರಾತುದಾರರ ಸ್ವಯಂನಿಯಂತ್ರಣ ಮಂಡಳಿಯು ಜಾಲತಾಣದ ಪ್ರಭಾವಿಗಳಿಗೂ 2021ರಲ್ಲಿ ವಿಧಿಸಿದೆ. ನಿಯಮಕ್ಕೆ ಮುಂಚೆಯೇ ಈ ಸಂಕೋಚ ಸ್ವಭಾವದಲ್ಲಿರುವುದು ಲೇಸು, ಏಕೆಂದರೆ ಮೊದಲ ಕೆಲವು ವರ್ಷ ಮುಂಬಯಿಯ ಬಾಡಿಗೆಗೇ ಸಾಲದ ಸಂಬಳದಲ್ಲಿ ಬದುಕುವವನಿಗೆ ಈ ಆಮಿಷ ಅತ್ಯಂತ ಹಿತವಾಗಿ ಕಾಣುತ್ತದೆ. ಮನೆಯವರೊಡನೆ ಆ ಬಾಡಿಗೆಯ ಲೆಕ್ಕವನ್ನು ಮೊದಲೇ ಬಿಚ್ಚಿಟ್ಟು ಮಾತಾಡಿಕೊಂಡು ಹೊರಡುವುದೂ ಶೀಲರಕ್ಷಣೆಯ ಒಂದು ಭಾಗವೇ ಎಂದು ನನ್ನ ಅಭಿಪ್ರಾಯ.

ಹೊರಡುವುದಕ್ಕೆ ಮುನ್ನ ಮಾಡಬಹುದಾದದ್ದು ಇಷ್ಟು: ಸಂಪಾದಕರಿಗೆ ಜೀವನವೃತ್ತಾಂತವನ್ನಲ್ಲ, ಒಂದು ವಿಷಯವನ್ನು ಕಳುಹಿಸಬೇಕು. ಹಿಮ್ರೂ ಶಾಲನ್ನು ಈಗ ಯಾರು ಕೊಳ್ಳುತ್ತಾರೆ, ಸಿಲ್ಲೋಡಿನ ಬಟ್ಟೆಯಂಗಡಿಯಲ್ಲಿ ಲಗ್ನದ ದಿನಗಳಲ್ಲಿ ಯಂತ್ರದ ಪೈಠಣಿಯನ್ನು ಏನೆಂದು ಹೇಳಿ ಮಾರುತ್ತಾರೆ — ಇಂಥ ಒಂದನ್ನು ಅರ್ಧ ಪುಟದಲ್ಲಿ, ಕಂಡ ವಿವರಗಳೊಡನೆ, ತಕ್ಕ ಸಂಚಿಕೆಗೆ ಮೂರು ತಿಂಗಳು ಮುಂಚಿತವಾಗಿ ಬರೆದು ಕಳುಹಿಸಬೇಕು. ಉತ್ತರ ಬಾರದಿದ್ದರೆ, ಮತ್ತು ಬಹುಶಃ ಬಾರದು, ಅದನ್ನೇ ನೆನಪಿಸುತ್ತ ಕೂರದೆ ಮುಂದಿನ ತಿಂಗಳು ಇನ್ನೊಂದು ವಿಷಯವನ್ನು ಕಳುಹಿಸಬೇಕು.