ಇದು ಅದೇ ಕಂಪ್ಯೂಟರಾ?

ಕಮಲಾಪುರದಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೊ ಇದೆ ಎಂದಿಟ್ಟುಕೊಳ್ಳೋಣ. ಮದುವೆ, ಕುಬಸ, ಜವಳದ ವಿಡಿಯೊಗಳೇ ಅದರ ಅನ್ನ. ಅಲ್ಲಿನ ಕಂಪ್ಯೂಟರಿಗೆ ಹತ್ತು ವರ್ಷ ದಾಟಿದೆ. ಎಡಿಟ್ ಮಾಡಲು ಕುಳಿತರೆ ಚಿತ್ರ ತಡವರಿಸುತ್ತದೆ. ರಾತ್ರಿ ರೆಂಡರ್‌ಗೆ ಹಾಕಿ ಮಲಗಿದರೆ ಬೆಳಗಾದರೂ ಮುಗಿದಿರುವುದಿಲ್ಲ. ಕೊನೆಗೆ ಮಾಲೀಕರು ಸಿಪಿಯು ಡಬ್ಬಿಯನ್ನು ಹಳೇ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಾರೆ. ರಿಪೇರಿ ಮಾಡುವ ಹುಡುಗ ಮುಚ್ಚಳ ಬಿಚ್ಚಿ, ದೂಳು ಊದಿ ನೋಡುತ್ತಾನೆ. "ಮಷಿನ್ ಚೊಲೋ ಅದ್ರಿ ಅಣ್ಣಾ. ಗ್ರಾಫಿಕ್ಸ್ ಕಾರ್ಡ್ ಒಂದು ಬದಲಿ ಮಾಡಿದ್ರ ಇನ್ನಾ ಎರಡು ವರ್ಷ ನಡೀತದ."

ಅವನ ಮಾತಿನ ಹಿಂದೆ ಲೆಕ್ಕವಿದೆ. ಮದರ್‌ಬೋರ್ಡಿನಲ್ಲಿರುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಉದ್ದನೆಯ ಸ್ಲಾಟ್‌ಗೆ ತಲೆಮಾರುಗಳ ಭೇದ ಕಡಿಮೆ. ಹೊಸ ಕಾರ್ಡನ್ನು ಹಳೆಯ ಸ್ಲಾಟ್‌ನಲ್ಲಿ ಕೂರಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ, ವೇಗ ಮಾತ್ರ ಹಳೆಯದಕ್ಕೆ ಇಳಿಯುತ್ತದೆ. ಆ ಸ್ಲಾಟ್ ಒಂದೇ ಹೆಚ್ಚೆಂದರೆ 75 ವ್ಯಾಟ್ ವಿದ್ಯುತ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಬೇರೆ ವೈರ್ ಎಳೆಯಬೇಕು; ಹಳೆಯ ಡಬ್ಬಿಗಳ ಎಸ್‌ಎಂಪಿಎಸ್‌ನಲ್ಲಿ ಎಷ್ಟೋ ಸಲ ಆ ವೈರೇ ಇರುವುದಿಲ್ಲ. 2014ರಲ್ಲಿ ಬಂದ ಜಿಟಿಎಕ್ಸ್ 750 ಟಿಐ ಕಾರ್ಡು ಹಳೆಯ ಕಂಪ್ಯೂಟರುಗಳಿಗೆ ಜೀವ ಕೊಟ್ಟಿತೆಂದು ಹೆಸರಾದದ್ದು ಇದೇ ಕಾರಣಕ್ಕೆ: ಅದಕ್ಕೆ ಬೇಕಾದದ್ದು ಸುಮಾರು 60 ವ್ಯಾಟ್, ಬೇರೆ ವೈರಿನ ಹಂಗಿಲ್ಲ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಕಲಬುರಗಿಯಂಥ ಊರಿಗೆ ಕಡಿಮೆ ಕಾಯುವ ಕಾರ್ಡೇ ಒಳ್ಳೆಯದು.

ಕಾರ್ಡು ಕೂತಿತು, ಕೆಲಸ ಓಡಿತು. ಮರುವರ್ಷ ಹಾರ್ಡ್ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂತು. ಆಮೇಲೆ ಎಸ್‌ಎಂಪಿಎಸ್, ರ‍್ಯಾಮ್, ಒಂದು ಮಳೆಗಾಲದ ಸಿಡಿಲಿಗೆ ಮದರ್‌ಬೋರ್ಡ್. ಈಗ ಉಳಿದದ್ದು ಹೊರಗಿನ ತಗಡಿನ ಡಬ್ಬಿ, ಅದರ ಮೇಲೆ ಅಂಟಿಸಿದ ಶರಣಬಸವೇಶ್ವರರ ಚಿತ್ರ. ಮಾಲೀಕರನ್ನು ಕೇಳಿದರೆ "ಅಂಗಡಿ ಶುರು ಮಾಡಿದಾಗ ತಂದಿದ್ದರಿ ಇದು" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆಯೇ?

ಗ್ರೀಸಿನವರು ಇದೇ ಪ್ರಶ್ನೆಯನ್ನು ಹಡಗಿನ ಮೇಲಿಟ್ಟು ಕೇಳಿದರು. ಥೀಸಿಯಸ್ ವೀರನ ಹಡಗನ್ನು ಅಥೆನ್ಸಿನವರು ಹಲಗೆ ಹಲಗೆಯಾಗಿ ಬದಲಿಸುತ್ತ ಕಾಪಾಡಿದರೆಂದು ಪ್ಲೂಟಾರ್ಕ್ ಬರೆದ. ಬಿಚ್ಚಿದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು ಎಂದು 17ನೇ ಶತಮಾನದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ ಕೇಳಿದ. ಹಳೆಯ ಕಾರ್ಡು, ಹಳೆಯ ರ‍್ಯಾಮ್ ಕೂಡಿಸಿ ತಮ್ಮನ ಮಗನಿಗೊಂದು ಕಂಪ್ಯೂಟರ್ ಮಾಡಿಕೊಡುವ ಯಾವ ಮನೆಯಲ್ಲೂ ಹಾಬ್ಸ್‌ನ ಎರಡನೇ ಹಡಗು ಇದ್ದೇ ಇದೆ.

ಆದರೆ ಕಲಬುರಗಿಯವರು ಇದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಭೀಮಾ ತೀರದಲ್ಲಿ ಸನ್ನತಿ ಇದೆ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಅವಶೇಷಗಳಲ್ಲಿ 'ರಾಯೊ ಅಸೋಕೊ' ಎಂದು ಹೆಸರು ಕೊರೆದ ಅಶೋಕನ ಶಿಲ್ಪವೇ ಸಿಕ್ಕಿದೆ. ಬೌದ್ಧರ ಚಿಂತನೆ ಈ ನೆಲಕ್ಕೆ ಹೊರಗಿನದಲ್ಲ. ಅವರ 'ಮಿಲಿಂದ ಪಞ್ಹ' ಗ್ರಂಥದಲ್ಲಿ ಭಿಕ್ಷು ನಾಗಸೇನ ಯವನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಅಚ್ಚೇ, ಗಾಲಿಯೇ, ನೊಗವೇ? ಯಾವುದೊಂದೂ ರಥವಲ್ಲ, ಅವನ್ನು ಬಿಟ್ಟು ಬೇರೊಂದು ರಥವೂ ಇಲ್ಲ. ಬಿಡಿಭಾಗಗಳು ಕೂಡಿದಾಗ ನಾವು ಕೊಡುವ ಹೆಸರು ರಥ. ಈ ವಾದವನ್ನು ಇಷ್ಟಕ್ಕೇ ಬಿಟ್ಟರೆ ಅನ್ಯಾಯ. ಅದೇ ಗ್ರಂಥದಲ್ಲಿ ಮಾವಿನಹಣ್ಣಿನ ಕಳ್ಳನೊಬ್ಬ ಬರುತ್ತಾನೆ. ಒಡೆಯ ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ, ಆದ್ದರಿಂದ ತನ್ನದು ತಪ್ಪಲ್ಲ ಎಂದು ಅವನ ವಾದ. ಶಿಕ್ಷೆ ತಪ್ಪದು ಎನ್ನುತ್ತಾನೆ ರಾಜ. ಒಂದರಿಂದ ಇನ್ನೊಂದು ಹುಟ್ಟಿ ಬಂದ ಮೇಲೆ ಹೊಣೆಯೂ ಹಿಂದೆಯೇ ಬರುತ್ತದೆ. ಎಲ್ಲವೂ ಬದಲಾಗುತ್ತದೆ ಎಂದು ಒಪ್ಪಿಕೊಂಡವರು ಯಾರೂ ಹೊಣೆಯಿಂದ ಜಾರಿಕೊಳ್ಳದಂತೆ ಬೌದ್ಧರು ಮೊದಲೇ ಬಾಗಿಲು ಹಾಕಿಟ್ಟಿದ್ದರು.

ಕಮಲಾಪುರದ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅವರ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬಾಳೆ ಒಮ್ಮೆ ಗೊನೆ ಬಿಟ್ಟರೆ ಅದರ ಆಯುಷ್ಯ ಮುಗಿಯಿತು, ಕಡಿದು ಹಾಕುತ್ತಾರೆ. ಬುಡದ ಕಂದು ಎದ್ದು ನಿಲ್ಲುತ್ತದೆ. ತೋಟದಲ್ಲಿ ಇಂದು ನಿಂತಿರುವ ಒಂದು ಗಿಡವೂ ಅಜ್ಜ ಕಂಡ ಗಿಡವಲ್ಲ, ಆದರೂ ಅಜ್ಜನ ಕಾಲದ ಬಾಳೆಯೆಂದೇ ಎಲ್ಲರೂ ಕರೆಯುತ್ತಾರೆ, ಸರಿಯಾಗಿಯೇ ಕರೆಯುತ್ತಾರೆ.

ಸಾಫ್ಟ್‌ವೇರ್ ಕಂಪನಿಯ ಉತ್ತರ ಮಾತ್ರ ಖಡಕ್ಕಾದದ್ದು. ಗ್ರಾಫಿಕ್ಸ್ ಕಾರ್ಡು ಬದಲಿಸಿದರೆ ವಿಂಡೋಸ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಮದರ್‌ಬೋರ್ಡ್ ಬದಲಿಸಿದರೆ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸಬೇಕಾಗಬಹುದು. ಕಂಪ್ಯೂಟರಿನ ಜೊತೆಗೇ ಬಂದ ಪರವಾನಗಿಯಾದರೆ ಕೈಬಿಟ್ಟೂ ಹೋಗಬಹುದು. ಅಂದರೆ ಆತ್ಮ ಯಾವ ಭಾಗದಲ್ಲಿದೆ ಎಂದು ಕಂಪನಿ ನಿರ್ಧರಿಸಿಬಿಟ್ಟಿದೆ. ವ್ಯಾಪಾರಕ್ಕೆ ಅಂಥ ಗೆರೆ ಬೇಕಾದೀತು, ಸ್ಟುಡಿಯೊದವರ ಬದುಕಿಗೆ ಆ ಗೆರೆ ಹೊಂದುವುದಿಲ್ಲ.

ಈ ಪ್ರಶ್ನೆಗೆ ಅತಿ ಹತ್ತಿರ ಬಂದವರು ಜೈನರು. ಇದೇ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿ ಜೈನ ವಿದ್ವತ್ತಿನ ದೊಡ್ಡ ಕೇಂದ್ರವಾಗಿತ್ತು. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೇ ಇರುತ್ತವೆ ಎಂಬುದು ಜೈನ ದರ್ಶನದ ಅಡಿಗಲ್ಲು. 'ಆಪ್ತಮೀಮಾಂಸೆ'ಯಲ್ಲಿ ಸಮಂತಭದ್ರ ಆಚಾರ್ಯರು ಇದಕ್ಕೆ ಬಂಗಾರದ ಕೊಡದ ದೃಷ್ಟಾಂತ ಕೊಡುತ್ತಾರೆ. ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಹಿಗ್ಗು, ಬರೀ ಬಂಗಾರ ಬೇಕಾದವನಿಗೆ ಎರಡೂ ಇಲ್ಲ. ಹಳೆಯ ಗ್ರಾಫಿಕ್ಸ್ ಕಾರ್ಡಿನ ಮುಂದೆಯೂ ಇಂಥ ಮೂವರೇ ನಿಲ್ಲುತ್ತಾರೆ. ಕಳಚಿ ಕೊಟ್ಟವರಿಗೆ ಅದು ಮುಗಿದ ಕಥೆ, ಅಗ್ಗಕ್ಕೆ ಕೊಂಡ ಹುಡುಗನಿಗೆ ಹೊಸ ಆಟ. ಮೂರನೆಯವನು ಭಂಗಾರದವನು, ಅಂದರೆ ಗುಜರಿಯವನು. ಸ್ಲಾಟ್‌ನೊಳಗೆ ಕೂರುವ ಕಾರ್ಡಿನ ಅಂಚಿಗೆ ತೆಳ್ಳಗೆ ಬಂಗಾರದ ಲೇಪವಿರುತ್ತದೆ, ಅವನ ಕಣ್ಣು ಅಲ್ಲಿ.

ಸಮಂತಭದ್ರರ ಬಂಗಾರ ಕರಗಿದರೂ ಯಾರಿಗೂ ಕೇಡಿಲ್ಲ. ಕಾರ್ಡಿನ ಮಾತು ಬೇರೆ. ತಾಮ್ರ, ಬಂಗಾರಕ್ಕಾಗಿ ಬಯಲಲ್ಲಿ ಸುಟ್ಟರೆ, ಆಸಿಡ್‌ನಲ್ಲಿ ಅದ್ದಿದರೆ ಸೀಸ ಮೊದಲಾದ ವಿಷ ಮಣ್ಣಿಗೂ ನೀರಿಗೂ ಆ ಕೆಲಸ ಮಾಡುವ ಕೈಗಳಿಗೂ ಇಳಿಯುತ್ತದೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದರ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳೂ ಈ ರಾಶಿಯ ಕಡೆ ಮುಖ ಮಾಡಿವೆ.

ಮೊದಲ ಪ್ರಶ್ನೆಗೆ ಮರಳಿದರೆ, ಸ್ಟುಡಿಯೊದವರ ಮಾತು ನಿಜ, ಅದು ಅದೇ ಕಂಪ್ಯೂಟರ್. ಅದೇ ಮೇಜು, ಅದೇ ಕೆಲಸ, ಅದೇ ಊರಿನ ಮದುವೆಗಳು ಅದರಲ್ಲಿ ಮುಂದುವರಿದಿವೆ. ಹಾಗೆಂದ ಮೇಲೆ ಅದರಿಂದ ಕಳಚಿ ಬಿದ್ದ ಪ್ರತಿಯೊಂದು ಭಾಗವೂ ಅವರದೇ. ಮಾವಿನ ಕಳ್ಳನ ಹಾಗೆ "ಅದು ಬೇರೆ, ಇದು ಬೇರೆ" ಎಂದು ರಿಪೇರಿ ಅಂಗಡಿಯ ಮೂಲೆಯಲ್ಲಿ ಬಿಟ್ಟು ಬರಲಾಗದು.

ಕಳಚಿದ್ದನ್ನು ಏನು ಮಾಡಬೇಕೆಂಬುದಕ್ಕೂ ಸನ್ನತಿಯಲ್ಲೇ ಒಂದು ಸುಳಿವಿದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿ 1986ರಲ್ಲಿ ಕುಸಿಯಿತು. ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಒಂದು ಕೆಲಸ ಮುಗಿಸಿದ ಕಲ್ಲನ್ನು ಯಾರೋ ಎಸೆಯದೆ ಇನ್ನೊಂದು ಕೆಲಸಕ್ಕೆ ಹಚ್ಚಿದ್ದರು, ಅಕ್ಷರಗಳು ಅಲ್ಲಿ ಉಳಿದುಕೊಂಡವು. ಹಳೆಯ ಕಾರ್ಡು ಇನ್ನೂ ನಡೆಯುತ್ತಿದ್ದರೆ ಓದುವ ಹುಡುಗರ ಕಂಪ್ಯೂಟರಿಗೆ ಹಾಕಿಸಿ ಕೊಡಿ. ಕೆಟ್ಟಿದ್ದರೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಅದನ್ನು ಅಂಥವರಿಗೇ ಒಪ್ಪಿಸಿವೆ. ಹೊಸ ಕಾರ್ಡಿನ ಬಿಲ್ ತೆಗೆದುಕೊಳ್ಳುವ ಮೊದಲು "ಹಳೇದು ಎಲ್ಲಿಗೆ ಹೋಗ್ತದ?" ಎಂದು ಅಂಗಡಿಯವರನ್ನು ಒಂದು ಮಾತು ಕೇಳಿ.