ಸಭಾಕಂಪದ ಪರವಾಗಿ

ಹೋದ ವರ್ಷ ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ ನಡೆಯಿತು. ತರಬೇತಿಗೆ ಬಂದಿದ್ದವರು ಮೈಕು ಹಿಡಿದು ಮಕ್ಕಳಿಗೆ ಹೇಳಿದರು: “ಭಯ ಅನ್ನೋದೇ ಸುಳ್ಳು. ಸ್ಟೇಜ್ ಹತ್ತಿದಾಗ ಎದುರಿಗೆ ಕೂತಿರೋದು ಜನ ಅಲ್ಲ, ಸಾಲಾಗಿ ಜೋಡಿಸಿರೋ ಎಲೆಕೋಸು ಅಂದ್ಕೊಳ್ಳಿ.” ಮಕ್ಕಳು ನಕ್ಕು ಚಪ್ಪಾಳೆ ತಟ್ಟಿದರು. ಕ್ಯಾಸಂಬಳ್ಳಿ, ಕಾಮಸಮುದ್ರ, ಬೂದಿಕೋಟೆ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು ಅವರು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ನಗು ಬರಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು. ಎದುರಿಗಿರುವವರನ್ನು ತರಕಾರಿ ಮಾಡಿಕೊಂಡರೆ ಮಾತ್ರ ಬಾಯಿ ಬಿಡಲು ಸಾಧ್ಯ ಎನ್ನುವುದಾದರೆ, ಆ ಮಾತನ್ನು ಆಡುವುದಾದರೂ ಯಾರಿಗೆ?

ಕನ್ನಡದಲ್ಲಿ ಈ ಭಯಕ್ಕೆ ಸಭಾಕಂಪ ಎಂಬ ಪದವಿದೆ. ಇಂಗ್ಲಿಷಿನವರು ಅದನ್ನು ವೇದಿಕೆಯ ಭಯ ಎನ್ನುತ್ತಾರೆ. ವೇದಿಕೆ ಎಂದರೆ ನಾಲ್ಕು ಹಲಗೆ. ಸಭೆ ಎಂದರೆ ಜನ. ನಮ್ಮ ಪದ ನಡುಕದ ಮೂಲವನ್ನು ಸರಿಯಾಗಿ ಗುರುತಿಸಿದೆ. ನಡುಗುವವನು ಭ್ರಮೆಯಲ್ಲಿಲ್ಲ; ತನ್ನನ್ನು ತೂಗಬಲ್ಲವರು, ಒಪ್ಪಬಲ್ಲವರು, ತಿರಸ್ಕರಿಸಬಲ್ಲವರು ಎದುರಿಗಿದ್ದಾರೆ ಎಂಬ ನಿಜ ಅವನ ಮೈಗೆ ಗೊತ್ತಾಗಿದೆ. ಎಲೆಕೋಸಿನ ಉಪದೇಶವೇ ಸುಳ್ಳು.

ಧೈರ್ಯ ಕಲಿಸುವವರ ವಂಶ ದೊಡ್ಡದು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ತಿದ್ದಿಕೊಂಡನೆಂಬ ಗ್ರೀಸಿನ ಡೆಮಾಸ್ತನೀಸನಿಂದ 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ತರಗತಿ ಶುರುಮಾಡಿದ ಡೇಲ್ ಕಾರ್ನೆಗಿಯವರೆಗೆ ಬರುತ್ತದೆ. ಅವರೊಂದಿಗೆ ನನಗೆ ಜಗಳವಿಲ್ಲ. ಅಭ್ಯಾಸ ಮಾಡಿದರೆ ನಾಲಿಗೆ ಹೊರಳುತ್ತದೆ, ಅಷ್ಟೇ.

ನಾನು ಜಗಳಕ್ಕೆ ನಿಲ್ಲಬೇಕಾದದ್ದು ಎಪಿಕ್ಟೆಟಸ್‌ನ ಎದುರು. ಸುಮಾರು 1900 ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದಲ್ಲಿ ಬಾಳಿದ ಈ ತತ್ವಜ್ಞಾನಿ ಆತಂಕದ ಬಗ್ಗೆ ಒಂದು ಪಾಠ ಮಾಡಿದ್ದಾನೆ. ಯಾರಾದರೂ ಕಳವಳದಲ್ಲಿರುವುದನ್ನು ಕಂಡರೆ ಅವನು ಕೇಳುವ ಪ್ರಶ್ನೆ ಒಂದೇ: ಇವನಿಗೆ ಏನು ಬೇಕಾಗಿದೆ? ತನ್ನ ಕೈಯಲ್ಲಿಲ್ಲದ್ದನ್ನು ಬಯಸದವನಿಗೆ ಕಳವಳ ಏಕೆ ಬರಬೇಕು? ತಂತಿವಾದ್ಯ ನುಡಿಸುತ್ತಾ ಹಾಡುವವನ ಉದಾಹರಣೆ ಕೊಡುತ್ತಾನೆ. ಒಬ್ಬನೇ ಇದ್ದಾಗ ಆ ಗಾಯಕ ನಿಶ್ಚಿಂತೆಯಿಂದ ಹಾಡುತ್ತಾನೆ. ರಂಗಮಂದಿರಕ್ಕೆ ಕಾಲಿಟ್ಟೊಡನೆ, ಕಂಠ ಎಷ್ಟೇ ಚೆನ್ನಾಗಿದ್ದರೂ, ನಡುಗುತ್ತಾನೆ. ಏಕೆಂದರೆ ಅವನಿಗೆ ಚೆನ್ನಾಗಿ ಹಾಡುವುದಷ್ಟೇ ಸಾಲದು, ಮೆಚ್ಚುಗೆಯೂ ಬೇಕು. ಹಾಡು ಅವನ ಕೈಯಲ್ಲಿದೆ, ಮೆಚ್ಚುಗೆ ಇಲ್ಲ. ರೋಗ ಸಭೆಯದಲ್ಲ, ಆಸೆಯದು ಎಂಬುದು ಅವನ ತೀರ್ಪು.

ಮೊದಲ ಸಲ ಇದನ್ನು ಓದಿದಾಗ ಕೋಪ ಬಂತು. 1974ರ ಆಗಸ್ಟ್ 15 ನೆನಪಾಯಿತು. ನಾನು ಏಳನೇ ತರಗತಿ. ಶಾಲೆಯಲ್ಲಿ ನಮ್ಮೂರಿನವರಾದ ಕೆ. ಚೆಂಗಲರಾಯ ರೆಡ್ಡಿಯವರ ಬಗ್ಗೆ ಭಾಷಣ ಮಾಡಬೇಕಿತ್ತು. ಕ್ಯಾಸಂಬಳ್ಳಿಯಲ್ಲಿ ಹುಟ್ಟಿದವರು, 1947ರ ಮೈಸೂರು ಚಲೋ ಚಳವಳಿಯನ್ನು ಮುನ್ನಡೆಸಿದವರು, ಅದೇ ಅಕ್ಟೋಬರ್ 25ರಂದು ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು. ಎಲ್ಲವನ್ನೂ ಉರು ಹೊಡೆದಿದ್ದೆ. ಎದ್ದು ನಿಂತಾಗ ಮೊಣಕಾಲು ಅಲುಗಿತು, ನಾಲಿಗೆ ಅಂಗುಳಿಗೆ ಅಂಟಿತು. “ನಮ್ಮೂರು” ಎನ್ನಬೇಕಾದ ಕಡೆ ಮನೆಯ ತೆಲುಗು ಹೊರಬಿತ್ತು: “ಮನ ಊರು.” ಇಡೀ ಶಾಲೆ ನಕ್ಕಿತು. ನಕ್ಕವರಲ್ಲಿ ಅರ್ಧಕ್ಕರ್ಧ ಜನರ ಮನೆಯಲ್ಲೂ ತೆಲುಗೇ. ಮೇಷ್ಟ್ರೊಬ್ಬರು ಕೈಸನ್ನೆ ಮಾಡಿ ನನ್ನನ್ನು ಕೂರಿಸಿದರು. ಆಮೇಲೆ ಹನ್ನೊಂದು ವರ್ಷ ನಾನು ಯಾವ ಸಭೆಯಲ್ಲೂ ಬಾಯಿ ತೆರೆಯಲಿಲ್ಲ.

ಅಂದು ನಾನು ಬಯಸಿದ್ದು ಚಪ್ಪಾಳೆಯನ್ನೇ? ಅಲ್ಲ. ನಗೆಗೀಡಾಗದೆ ಮಾತು ಮುಗಿಸುವುದಷ್ಟೇ ನನಗೆ ಬೇಕಿತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ನ ಅಂಗಡಿಯಲ್ಲಿ ತಮಿಳು ಆಡುವ ಹುಡುಗನಿಗೆ ಸಭೆ ಎಂದರೆ ಯಾವ ನಾಲಿಗೆಯಿಂದ ತೂಗಿಸಿಕೊಳ್ಳಬೇಕು ಎಂಬ ಲೆಕ್ಕ. ಆ ಲೆಕ್ಕವನ್ನು ಇಟ್ಟವನು ನಾನಲ್ಲ. ತೆಲುಗಿನಲ್ಲಿ “ಮಾ ಊರು” ಎಂದರೆ ಕೇಳುವವನನ್ನು ಬಿಟ್ಟು ನಮ್ಮದು. “ಮನ ಊರು” ಎಂದರೆ ಕೇಳುವವನೂ ಸೇರಿ ನಮ್ಮೆಲ್ಲರದು. ಕನ್ನಡದ “ನಮ್ಮ” ಈ ಭೇದವನ್ನು ಮಾಡುವುದಿಲ್ಲ. ಬಹಳ ವರ್ಷಗಳ ಮೇಲೆ ಹೊಳೆಯಿತು: ಭಯದಲ್ಲಿ ಜಾರಿದ ಆ ಪದ ಎದುರಿಗಿದ್ದವರನ್ನೆಲ್ಲ ಒಳಗೆ ಕರೆದುಕೊಂಡಿತ್ತು. ಎಲೆಕೋಸುಗಳಿಗೆ ಯಾರೂ “ಮನ” ಎನ್ನುವುದಿಲ್ಲ.

ಇನ್ನೊಂದು ಮಾತು. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧವಿದ್ದರೂ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅಂಥ ದಿನಗಳಲ್ಲಿ ಸಭೆಯಲ್ಲಿ ನಿಂತು ನಡುಗಿದವರಿಗೆ, ನಿನ್ನದು ಮೆಚ್ಚುಗೆಯ ಹಸಿವು ಎನ್ನುವ ಧೈರ್ಯ ಯಾವ ತತ್ವಜ್ಞಾನಿಗಿದೆ?

ಎಪಿಕ್ಟೆಟಸ್‌ನಿಗೆ ಇತ್ತು. ಅದನ್ನು ಒಪ್ಪಲೇಬೇಕು. ಅವನು ಗುಲಾಮನಾಗಿ ಬೆಳೆದವನು. ಇನ್ನೊಬ್ಬರ ಕೈಯಲ್ಲಿ ತನ್ನ ಜೀವ ಇರುವುದೆಂದರೇನು ಎಂದು ನನಗಿಂತ ಚೆನ್ನಾಗಿ ಬಲ್ಲವನು. ಮುಂದೆ ಚಕ್ರವರ್ತಿ ಡೊಮಿಷಿಯನ್ ತತ್ವಜ್ಞಾನಿಗಳನ್ನು ರೋಮಿನಿಂದ ಓಡಿಸಿದಾಗ ಅವನೂ ಊರು ಬಿಟ್ಟ. ಆತಂಕದ ಅದೇ ಪಾಠದಲ್ಲಿ ತತ್ವಜ್ಞಾನಿ ಜೀನೋನ ಪ್ರಸಂಗ ಬರುತ್ತದೆ. ರಾಜ ಆಂಟಿಗೋನಸ್‌ನನ್ನು ಕಾಣಲು ಹೊರಟ ಜೀನೋಗೆ ಕಳವಳವಿರಲಿಲ್ಲ; ಅವನು ಬೆಲೆ ಕೊಡುತ್ತಿದ್ದ ಯಾವುದೂ ರಾಜನ ಕೈಯಲ್ಲಿರಲಿಲ್ಲ. ಕಳವಳಪಟ್ಟವನು ರಾಜ, ಜೀನೋನ ಮೆಚ್ಚುಗೆ ಅವನಿಗೆ ಬೇಕಿತ್ತು. ಇದು ಸುಖಪುರುಷನ ಮಾತಲ್ಲ. ಕೈಕೋಳದಲ್ಲಿ ಇರುವವನಿಗೂ ಉಳಿಯುವ ಒಂದು ಸ್ವಾತಂತ್ರ್ಯವನ್ನು ಅವನು ತೋರಿಸುತ್ತಿದ್ದಾನೆ.

ಅವನ ಮಾತು ನನ್ನ ಮಟ್ಟಿಗೂ ನಿಜವಾಯಿತು. 2022ರಲ್ಲಿ ನಿವೃತ್ತನಾದೆ. ಬಡ್ತಿ, ವರ್ಗಾವಣೆ ಯಾವುದೂ ಇನ್ನು ಯಾರ ಕೈಯಲ್ಲೂ ಇರಲಿಲ್ಲ. ಆ ವರ್ಷದಿಂದ ನನ್ನ ನಡುಕ ನಿಂತುಹೋಯಿತು. ಅಭ್ಯಾಸದಿಂದ ಬಂದ ಧೈರ್ಯ ಅದಲ್ಲ. ಬೇಡುವುದಕ್ಕೆ ಏನೂ ಉಳಿದಿರಲಿಲ್ಲ, ಅಷ್ಟೇ.

ಆದರೆ ಆ ನಿರ್ಭಯದಿಂದ ಏನಾಯಿತು ಎಂದೂ ಹೇಳಬೇಕು. ಪಕ್ಕದ ಪಂಚಾಯಿತಿಯ ಒಂದು ಗ್ರಾಮಸಭೆಯಲ್ಲಿ ನೀರಿನ ವಿಷಯ ಬಂತು. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿ ದಾಟಿದರೂ ಬೋರ್‌ವೆಲ್ಲು ಬತ್ತುತ್ತದೆ. ನಾನು ಎದ್ದು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವ, ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ನೀರಿನ ಬಗ್ಗೆ, ಅಂತರ್ಜಲದ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದೆ. ಒಂದು ಕಡೆಯೂ ತಡವರಿಸಲಿಲ್ಲ. ಅಷ್ಟು ಹೊತ್ತೂ ಒಬ್ಬ ಹೆಂಗಸು ಕಂಬ ಹಿಡಿದುಕೊಂಡು ನಿಂತಿದ್ದರು. ಅವರ ಸರದಿ ಬಂದಾಗ ಸೆರಗಿನ ತುದಿ ಸುತ್ತುತ್ತಾ ಕನ್ನಡದಲ್ಲಿ ಶುರುಮಾಡಿ, ತೊದಲಿ, ಕೊನೆಗೆ ತೆಲುಗಿನಲ್ಲಿ “ನೀಳ್ಳು ರಾಲೇದು ಸಾರ್” (ನೀರು ಬರಲಿಲ್ಲ ಸಾರ್) ಎಂದರು. ಅಷ್ಟರಲ್ಲಿ ಅಧಿಕಾರಿಗಳು ಮುಂದಿನ ಸಭೆಗೆ ಹೊರಟು ಕುರ್ಚಿ ಬಿಟ್ಟು ಎದ್ದಿದ್ದರು. ನಡುಕ ಕಳೆದುಕೊಂಡ ನನಗೆ ಆ ಹೆಂಗಸು ಕಾಣಿಸಿಯೇ ಇರಲಿಲ್ಲ.

ಇದನ್ನೇ ನನ್ನ ವಾದಕ್ಕೆ ಸಾಕ್ಷಿ ಮಾಡಿಕೊಂಡು ಮುಗಿಸಬಹುದಿತ್ತು. ಸಭಾಕಂಪ ಇರುವವನಿಗೆ ಸಭೆ ಕಾಣುತ್ತದೆ ಎನ್ನಬಹುದಿತ್ತು. ಗಾಂಧೀಜಿಯೂ ನನ್ನ ಜೊತೆಗಿದ್ದಾರೆ. ತಮ್ಮ ಸಂಕೋಚವೇ ಮಾತನ್ನು ಮಿತವಾಗಿ ಬಳಸಲು ಕಲಿಸಿತು ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆದರೆ ಅದೇ ಪುಸ್ತಕದಲ್ಲಿ ಮುಂಬೈನ ಸ್ಮಾಲ್ ಕಾಸಸ್ ಕೋರ್ಟಿನ ಪ್ರಸಂಗವೂ ಇದೆ. ಪಾಟೀಸವಾಲಿಗೆ ಎದ್ದ ಅವರು ತಲೆ ಸುತ್ತಿ ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು. ಕಕ್ಷಿದಾರಳ ಕಡೆಯವರು ಬೇರೆ ವಕೀಲರನ್ನು ಹುಡುಕಬೇಕಾಯಿತು. ಒಬ್ಬರ ನಡುಕಕ್ಕೆ ಇನ್ನೊಬ್ಬರು ಬೆಲೆ ತೆರುವುದೂ ಉಂಟು.

ಆ ಹೆಂಗಸಿನ ನಡುಕವನ್ನು ನಾನು ಗೌರವಿಸುತ್ತೇನೆ. ಅವರಿಗೆ ಬೇಕಿದ್ದದ್ದು ನೀರು. ನೀರನ್ನು ಬಯಸಬೇಡ ಎಂದು ಎಪಿಕ್ಟೆಟಸ್ ಹೇಳಿದರೆ ನಾನು ಒಪ್ಪುವುದಿಲ್ಲ. ಎದುರಿಗಿರುವವರು ಎಲೆಕೋಸು ಎಂದುಕೊಂಡಿದ್ದರೆ ಅವರು ಮೊದಲೇ ಕೂಗಿ, ಮಾತು ದಾಖಲಾಗಿ, ನಲ್ಲಿಯಲ್ಲಿ ನೀರು ಬರುತ್ತಿತ್ತೇನೋ. ಈ ಸಾಧ್ಯತೆಗೆ ನನ್ನ ಬಳಿ ಉತ್ತರವಿಲ್ಲ.

ಒಂದು ಬಿನ್ನಹವಿದೆ. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಕಂಬ ಹಿಡಿದು ನಿಂತಿದ್ದರೆ ಮೊದಲು ಮೈಕನ್ನು ಅವರ ಕೈಗೆ ಕೊಡಿ. ಯಾವ ಭಾಷೆಯಲ್ಲಿ ಬಂದರೂ ಅವರ ಮಾತು ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.